ಸಾಯದೆ ಉಳಿದ ಗೆಂಡೆಗಳು

ಶುಕ್ರವಾರ, ಮಧ್ಯಾಹ್ನ

ನನ್ನ ಮುದ್ದಿನ ಲೆಕ್ಕಮ್ಮನಿಗೆ, ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಸಂಶೋಧನೆ ಬಿಟ್ಟುಬಿಡುತ್ತೇನೆ ಅಂತ ಬರೆದಿದ್ದೀಯಲ್ಲ, ಯಾರನ್ನು ಕೇಳಿ? ಕೆರೆಯಲ್ಲಿ ಮೀನು ಸಾಕುವ ಸಂಘದವರು ನಕ್ಕರಂತೆ. ನಗಲಿ ಬಿಡು!

ನಕ್ಕದ್ದು ನಿಜವೇ. ವರ್ಷವರ್ಷಕ್ಕೂ ಕೆರೆಯ ನೀರು ಕಾಯುತ್ತಿದೆ, ಕಾದಷ್ಟೂ ತಿಲಾಪಿಯಾ ಮೀನಿನ ರೋಗ ಗೆಂಡೆ ಮೀನಿಗೆ ದಾಟುತ್ತದೆ, ಒಟ್ಟಿಗೆ ಬಿಟ್ಟರೆ ಐದನೇ ವಾರಕ್ಕೆ ಅರ್ಧ ಗೆಂಡೆ ಹೋಗುತ್ತವೆ ಅಂತ ನೀನು ಲೆಕ್ಕ ಹಾಕಿ ತೋರಿಸಿದೆ. ಗೊಣಗಿಕೊಂಡೇ ಎಲ್ಲರೂ ಗೆಂಡೆಯ ಬಲೆಗೂಡುಗಳನ್ನು ಆಚೆ ದಡಕ್ಕೆ ಎಳೆದರು. ಐದನೇ ವಾರ ಬಂತು, ಒಂದು ಗೆಂಡೆಯೂ ಸಾಯಲಿಲ್ಲ. ಆಗ ಶುರುವಾಯಿತು ನೋಡು: ಎಲ್ರೀ ರೋಗ, ನಿಮ್ಮ ಮಗಳ ಮಾತು ಕೇಳಿ ಸುಮ್ನೆ ಸೊಂಟ ಮುರ್ಕೊಂಡ್ವಿ ಅಂತ. ಮುಂದಿನ ಬೇಸಿಗೆಗೆ ಒಂದು ಗೂಡನ್ನೂ ಕದಲಿಸುವುದಿಲ್ಲ ಅಂತ ಸಂಘದ ಅಧ್ಯಕ್ಷರು ಮೀಸೆ ತಿರುವಿದರು. ಸಾಯದೆ ಉಳಿದ ಮೀನನ್ನು ತೋರಿಸಿ ಯಾರಿಗೆ ಏನು ಹೇಳೋಣ?

ಆದರೆ ಕೇಳು. ನಮ್ಮ ಹಿತ್ತಲಿನ ದೊಡ್ಡ ತೊಟ್ಟಿಯಲ್ಲಿ, ಅದೇ, ನೀನು ಅಜ್ಜಿ ಅಂತ ಹೆಸರಿಟ್ಟ ಮುದಿ ಗೆಂಡೆಯ ತೊಟ್ಟಿಯಲ್ಲಿ, ಎರಡೂ ಜಾತಿಯ ಮೀನು ಒಟ್ಟಿಗೇ ಉಳಿದುಬಿಟ್ಟಿದ್ದವು. ಗೂಡು ಎಳೆಯುವ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಬಿಸಿಲಿಗೆ ನೀರು ಕಾಯಿತು. ತಿಲಾಪಿಯಾಗಳು ಏನೂ ಆಗದ ಹಾಗೆ ಓಡಾಡಿಕೊಂಡಿದ್ದವು, ಗೆಂಡೆಗಳು ಒಂದೊಂದಾಗಿ ತೇಲಿದವು. ನಲವತ್ತರಲ್ಲಿ ಇಪ್ಪತ್ತೊಂದು!

ನಿನ್ನೆ ಸಂಘದವರನ್ನೆಲ್ಲ ಕರೆದು ತೊಟ್ಟಿಯ ಸುತ್ತ ನಿಲ್ಲಿಸಿದೆ. ಅಧ್ಯಕ್ಷರೇ ಬಗ್ಗಿ ಎಣಿಸಿದರು, ಎರಡೆರಡು ಸಲ. ಆಮೇಲೆ ಮೆಲ್ಲಗೆ, ಮುಂದಿನ ಬೇಸಿಗೇಲಿ ಗೂಡು ಯಾವಾಗ ಎಳೀಬೇಕು ಅಂತ ಮಗಳನ್ನ ಕೇಳಿ ಹೇಳಮ್ಮಾ ಅಂದರು. ಎಲ್ಲರ ಮುಂದೆ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಿನ್ನಪ್ಪನ ಕಣ್ಣೂ ಒದ್ದೆಯಾಗಿತ್ತು. ಆದರೂ ಕೊಂಕು ಬಿಡುವ ಆಸಾಮಿಯೇ ಅವರು? ಮರೆತುಹೋದ ತೊಟ್ಟಿ ಅಂತೀಯ, ರೋಗದ ನೀರು ಕೆರೆಗೆ ಹೋಗದ ಹಾಗೆ ಅದರ ತೂಬಿಗೆ ಬಟ್ಟೆ ತುರುಕಿದ್ದು ಯಾರು ಅಂತ ಕೇಳಿದರು. ಗಾಳಿಗೆ ಬಂದು ಸಿಕ್ಕಿಕೊಂಡಿರಬೇಕು ಅಂದೆ.

ಬಿಡುವ ಮಾತು ಇನ್ನೊಮ್ಮೆ ಎತ್ತಬೇಡ. ದಿನ ಗೊತ್ತುಮಾಡಿ ಬರೆ, ಅಧ್ಯಕ್ಷರು ಕಾಯುತ್ತಿದ್ದಾರೆ.

ಇಂತಿ, ತಲೆ ಎತ್ತಿಕೊಂಡು ಓಡಾಡುತ್ತಿರುವ
ನಿನ್ನ ಅಮ್ಮ

ತಾ.ಕ.: ಇದನ್ನು ಓದಿ ಹರಿದುಹಾಕು. ಅಜ್ಜಿ ಹೇಗಿದ್ದಾಳೆ ಅಂತ ಕೇಳಿದ್ದೆಯಲ್ಲ, ಗುಂಡುಕಲ್ಲಿನ ಹಾಗಿದ್ದಾಳೆ. ಆ ತೊಟ್ಟಿಗೆ ತಿಲಾಪಿಯಾ ತಂದು ಬಿಡುವ ಮೊದಲೇ ಅವಳನ್ನು ಬೇರೆ ತೊಟ್ಟಿಗೆ ಎತ್ತಿ ಹಾಕಿದ್ದೆ. ನಿನ್ನ ಲೆಕ್ಕ ತಪ್ಪುವುದಿಲ್ಲ ಅಂತ ನನಗೆ ಗೊತ್ತಿತ್ತಲ್ಲ.