ಅಪ್ಪನಿಗೆ ಆರಡಿ ಒಣ ನೆಲ

ರೆಜೊಸೆಗಾರ
ಜನವರಿ ೧೯, ೨೦೨೩

ಪ್ರೀತಿಯ ಅಕ್ಕ ಕಸ್ತುನಾಗೆ, ತಂಗಿ ರುಮಿಯಾ ಮಾಡುವ ಸಲಾಮು.

ನೀನು, ಭಾವ, ಮಕ್ಕಳು ಎಲ್ಲರೂ ಕ್ಷೇಮವೆಂದು ತಿಳಿದಿದ್ದೇನೆ. ನಾವೂ ಕ್ಷೇಮ, ಮೊಣಕಾಲಿನಿಂದ ಮೇಲಕ್ಕೆ. ಅಪ್ಪ ಹೋಗಿ ಐದು ದಿನವಾದರೂ ವಿವರವಾಗಿ ಏನೂ ತಿಳಿಸಲಿಲ್ಲವೆಂದು ನಿನಗೆ ಬೇಸರವಾಗಿರಬಹುದು, ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಬಾಯಿ ತೆರೆದ ಕೂಡಲೇ ನನಗೆ ಅಳು ಬರುತ್ತದೆ, ಅಳು ನಿಂತರೆ ಬೈಗುಳ ಬರುತ್ತದೆ. ಬೈಗುಳ ಶುರುವಾದರೆ ನೀನು "ಸಿಗ್ನಲ್ ಸರಿಯಿಲ್ಲ ಕಣೆ" ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಸಿಗ್ನಲ್ ಬೇಡ. ಮನೆಯಲ್ಲಿದ್ದ ಹಾಳೆಗಳೆಲ್ಲ ಒದ್ದೆಯಾಗಿ ಉಬ್ಬಿದ್ದವು, ಒಲೆಯ ಮೇಲೆ ಹರಡಿ ಒಣಗಿಸಿ ಬರೆಯುತ್ತಿದ್ದೇನೆ. ಹೊಗೆಯ ವಾಸನೆ ಬಂದರೆ ಮೂಗು ಮುರಿಯಬೇಡ. ನಿಮ್ಮ ಗೆಬಾಂಗನ್ ಸಂತೆಗೆ ಮೀನು ತರುವ ಯಾತ್ಮಿಯ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನೀನು ಕಳೆದ ಸಲ ಬಂದಾಗ ನೋಡಿದ ಮನೆ ಈಗಿಲ್ಲ. ಗೋಡೆ ಇದೆ, ಎತ್ತರ ಇಲ್ಲ. ನೀರು ಏರಿದಂತೆಲ್ಲ ನಾವು ನೆಲಕ್ಕೆ ಮಣ್ಣು ಸುರಿದು ಏರಿಸುತ್ತ ಬಂದೆವು, ಚಾವಣಿ ಮಾತ್ರ ತಾತ ಕಟ್ಟಿಸಿದಲ್ಲೇ ಕೂತಿದೆ. ನನ್ನ ಗಂಡ ಜುಮಾದಿ ಮನೆಯೊಳಗೆ ಬೆನ್ನು ನೆಟ್ಟಗೆ ಮಾಡಿ ವರ್ಷವಾಯಿತು. ಬಾಗಿಲು ಅರ್ಧ ಹೂತುಹೋಗಿರುವುದರಿಂದ ಕಿಟಕಿಯಿಂದಲೇ ಓಡಾಟ. ಅಪ್ಪನಿಗೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿದ ಮೇಲೆ ಆ ಕಿಟಕಿಯಿಂದಲೇ ಹೊರಗೆ ದಾಟಿಸಿದೆವು. ಭುಜದ ಹತ್ತಿರ ಸಿಕ್ಕಿಕೊಂಡಿತು. ಒಳಗಿದ್ದವರು ತಳ್ಳಿದರು, ಹೊರಗಿದ್ದವರು ಎಳೆದರು. ಒಂದು ಕಾಲಕ್ಕೆ ಹತ್ತೂರಿಗೆ ಭತ್ತ ಅಳೆದುಕೊಟ್ಟ ಮನುಷ್ಯ ತನ್ನ ಮನೆಯಿಂದ ಹೊರಟದ್ದು ಹೀಗೆ.

ಅಪ್ಪ ಹೆಚ್ಚು ನರಳಲಿಲ್ಲ. ಕೆಮ್ಮು, ಆಮೇಲೆ ಜ್ವರ, ಆಮೇಲೆ ಉಸಿರು ಬಿಗಿಯಿತು. ದೋಣಿಯಲ್ಲಿ ಆಸ್ಪತ್ರೆಗೆ ಹೋಗೋಣ ಎಂದರೆ ಬೇಡವೆಂದು ಕೈ ಆಡಿಸಿದರು. ಅವರ ತಲೆಯಲ್ಲಿದ್ದದ್ದು ಒಂದೇ ವಿಷಯ, ಅದು ನಿನಗೂ ಗೊತ್ತು. ಹೋದ ಉಪವಾಸದ ತಿಂಗಳಿಗೆ ಮೊದಲು ಸಮಾಧಿಗಳಿಗೆ ಹೂವು ಹಾಕಲು ದೋಣಿಯಲ್ಲಿ ಹೋಗಿದ್ದೆವು. ಅಮ್ಮ ಎಲ್ಲಿದ್ದಾಳೆಂದು ಹೇಳುವುದಕ್ಕೆ ಈಗ ಒಂದು ಬಿದಿರು ಗಳುವಷ್ಟೇ ಉಳಿದಿದೆ. ಗುಲಾಬಿ ಎಸಳು ಹಾಕಿದೆ. ಅದು ಅಮ್ಮನ ಮೇಲೆ ನಿಲ್ಲದೆ ತೇಲಿಕೊಂಡು ಯಾರ ಯಾರದೋ ಗಳುವಿನ ಕಡೆ ಹೋಯಿತು. ಅಪ್ಪ ಅದನ್ನೇ ನೋಡುತ್ತ ಕೂತಿದ್ದು ಹೇಳಿದರು: "ರುಮಿಯಾ, ನನ್ನನ್ನ ಇಲ್ಲಿ ಹಾಕ್ಬೇಡ. ನಾನು ಮಣ್ಣಿನವನು. ಮೂವತ್ತು ವರ್ಷ ಏಡಿ ಹಿಡಿದ್ರೂ ಮೀನಾಗ್ಲಿಲ್ಲ. ಅಕ್ಕನ ಊರಲ್ಲಿ ಒಣ ಜಾಗ ಕೇಳು."

ಅಮ್ಮನ ಪಕ್ಕ ಬೇಡವೇ ಎಂದು ಕೇಳಿದೆ. ಅವಳೇ ಈಗ ಎಲ್ಲಿದ್ದಾಳೋ ಯಾರಿಗೆ ಗೊತ್ತು ಎಂದರು.

ಅವತ್ತೇ ನಿನಗೆ ಫೋನ್ ಮಾಡಿದ್ದೆ. ಊರ ಮುಖ್ಯಸ್ಥರನ್ನೂ ಸಮಾಧಿ ಸಮಿತಿಯವರನ್ನೂ ಕೇಳುತ್ತೇನೆ ಎಂದು ನೀನು ಹೇಳಿದ್ದೇ ತಡ, ಅಪ್ಪ ಮಂಜೂರಾಯಿತೆಂದೇ ತಿಳಿದುಬಿಟ್ಟರು. ಹಲಗೆ ದಾರಿಯ ಮೇಲೆ ಕೂತು ಸಮಾನ್ ಮಾಮನನ್ನೂ ಉಳಿದ ಮುದುಕರನ್ನೂ ರೇಗಿಸುವುದೇ ಅವರ ಕೆಲಸವಾಯಿತು. "ನೀವೆಲ್ಲ ಸತ್ತ ಮೇಲೂ ಈಜ್ತಾ ಇರಿ. ನಾನು ದೊಡ್ಡ ಮಗಳ ಊರಲ್ಲಿ ಬೆಚ್ಚಗೆ ಮಲಗ್ತೀನಿ" ಎನ್ನುವರು. ಸಮಾನ್ ಮಾಮ, "ಹೋಗು ಹೋಗು, ಅಲ್ಲಿ ಇರುವೆ ಕಚ್ಚತ್ತೆ" ಎನ್ನುವರು. ಅಪ್ಪ ನಗುವರು. ಅಮ್ಮ ಹೋದ ಮೇಲಿನ ನಾಲ್ಕು ವರ್ಷದಲ್ಲಿ ಅವರು ಅಷ್ಟು ನಕ್ಕದ್ದು ನಾನು ನೋಡಿರಲಿಲ್ಲ.

ಆಮೇಲೆ ನಿನ್ನ ಸಂದೇಶ ಬಂತು. ಗೆಬಾಂಗನ್‌ನ ಗುರುತಿನ ಚೀಟಿ ಇದ್ದವರಿಗೆ ಮಾತ್ರ ಜಾಗ, ಮುಖ್ಯಸ್ಥ ಪಾಕ್ ದಾರ್ಜೊ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ, ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ ಎಂದು ನೀನು ಬರೆದಿದ್ದೆ. ಅಕ್ಕ, ಅದನ್ನು ಓದಿದಾಗ ನನ್ನ ಮೈಯೆಲ್ಲ ಉರಿಯಿತು. ಹೆಣಕ್ಕೂ ಗುರುತಿನ ಚೀಟಿ ಕೇಳುತ್ತಾನಲ್ಲ, ಅವನೆಂಥ ಮನುಷ್ಯ? ಅವನ ಊರಿನ ಮದುವೆಗೆಲ್ಲ ನಮ್ಮ ಏಡಿ ಬೇಕು, ಒಗ್ಗರಣೆಗೆ ನಾನು ಕುಟ್ಟಿದ ಸಿಗಡಿ ಹಿಂಡಿ ಬೇಕು. ಅಪ್ಪನಿಗೆ ಆರಡಿ ನೆಲ ಕೇಳಿದರೆ ಕಾನೂನು ನೆನಪಾಯಿತೆ? ಆ ಸಂದೇಶವನ್ನು ನಾನು ಅಪ್ಪನಿಗೆ ಓದಿ ಹೇಳಲಿಲ್ಲ. ಕೇಳಿದಾಗೆಲ್ಲ ಆಗುತ್ತದೆ ಎಂದೆ. ಅವರು ಅದನ್ನು ನಂಬಿಕೊಂಡೇ ಕಣ್ಣು ಮುಚ್ಚಿದರು.

ಈಗ ಮಣ್ಣಿನ ಸಂಗತಿ ಹೇಳುತ್ತೇನೆ. ನೀನು ಬರಲಿಲ್ಲವಲ್ಲ, ಕೇಳಿಸಿಕೋ. ಸತ್ತವರನ್ನು ತಡಮಾಡದೆ ಮಣ್ಣು ಮಾಡಬೇಕು. ನಮ್ಮಲ್ಲಿ ಅದಕ್ಕೆ ಸಮುದ್ರದ ಅಪ್ಪಣೆ ಬೇಕು. ಉಬ್ಬರ ಇಳಿಯುವವರೆಗೆ ಅಪ್ಪನನ್ನು ಮಂಚದ ಮೇಲೆ ಇಟ್ಟುಕೊಂಡು ಕಾದೆವು, ಮಂಚದ ಕಾಲು ನೀರಿನಲ್ಲಿತ್ತು. ಗಂಡಸರು ಮರಳಿನ ಚೀಲ ಪೇರಿಸಿ ಒಡ್ಡು ಕಟ್ಟಿ, ಬಕೆಟ್ಟಿನಲ್ಲಿ ನೀರು ಮೊಗೆದು ಗುಂಡಿ ತೋಡಿದರು. ಒಂದು ಪಾಲು ಮೊಗೆದರೆ ಎರಡು ಪಾಲು ಒಸರುತ್ತಿತ್ತು. ನಾವು ಹೆಂಗಸರು ದೋಣಿಯಲ್ಲೇ ನಿಂತಿದ್ದೆವು.

ಸತ್ತವರ ಮುಖ ಪವಿತ್ರ ದಿಕ್ಕಿಗೆ ನಿಲ್ಲಲೆಂದು ತಲೆ, ಬೆನ್ನು, ಸೊಂಟಕ್ಕೆ ಮಣ್ಣಿನ ಉಂಡೆ ಒತ್ತಿಡುತ್ತೇವಲ್ಲ, ಆ ಉಂಡೆಗಳನ್ನು ನಾನೇ ಕಟ್ಟಿದ್ದೆ. ನಮ್ಮ ಕೆಸರು ಉಂಡೆಯಾಗುವುದಿಲ್ಲ, ಅದಕ್ಕೆಂದು ಯಾತ್ಮಿ ನಿಮ್ಮ ಕಡೆಯಿಂದ ಒಂದು ಚೀಲ ಜೇಡಿ ತಂದುಕೊಟ್ಟಿದ್ದಳು. ಇಟ್ಟಿಗೆ ಚೂರು ಇಡೋಣ, ನೀರಿದೆ ಎಂದು ಜುಮಾದಿ ಮೊದಲೇ ಹೇಳಿದ. ಮಸೀದಿಯ ಹಿರಿಯರಾದ ಪಾಕ್ ಕಸ್ರಾನ್ ಒಪ್ಪಲಿಲ್ಲ. ಮಣ್ಣಿನಿಂದ ಬಂದವನಿಗೆ ಮಣ್ಣೇ ತಲೆದಿಂಬು, ಹಿಂದಿನಿಂದ ಬಂದ ಪದ್ಧತಿ ಬಿಡಬಾರದು ಎಂದರು. ನನಗೂ ಅದೇ ಸರಿ ಎನಿಸಿತು. ಒಣ ನೆಲ ಸಿಗದಿದ್ದರೂ ಒಣ ನೆಲದ ನಾಲ್ಕು ಉಂಡೆಯಾದರೂ ಅಪ್ಪನಿಗೆ ಸಿಗಲಿ ಎಂದುಕೊಂಡೆ.

ಅವು ಬೆಲ್ಲದ ಹಾಗೆ ಕರಗಿದವು, ಅಕ್ಕ. ಪ್ರಾರ್ಥನೆ ನಡೆಯುತ್ತಿರುವಾಗಲೇ ಅಪ್ಪ ಮೆಲ್ಲಗೆ ಅಂಗಾತ ಹೊರಳಿದರು. ಆಮೇಲೆ ಮೇಲಕ್ಕೆ ಬಂದರು. ಗುಂಡಿಯಲ್ಲಿದ್ದ ಜುಮಾದಿ ಎರಡು ಕೈಯಿಂದ ಅದುಮಿ ಹಿಡಿದುಕೊಂಡ, ಅವನಿಗೆ ಎದೆಮಟ್ಟ ನೀರು. ಪಾಕ್ ಕಸ್ರಾನರ ದನಿ ನಿಂತುಹೋಯಿತು. ಆ ಮುದುಕರೇ ಲುಂಗಿ ಎತ್ತಿ ಕಟ್ಟಿ ಇಳಿದು, ಒಡೆದ ಮನೆಯೊಂದರ ಇಟ್ಟಿಗೆ ಹೊತ್ತು ತಂದು ಅಪ್ಪನ ಬೆನ್ನಿಗೆ ಕೊಟ್ಟರು. ಮುಚ್ಚಿದ ಹಲಗೆಯೂ ತೇಲಿತು. ಅದರ ಮೇಲೆ ಮರಳಿನ ಚೀಲ ಹೇರಿದರು. ಯಾರದೋ ಮನೆ ಕೊಚ್ಚಿಹೋಗದಿರಲಿ ಎಂದು ಇಡುವ ಚೀಲ, ಅಪ್ಪ ಎದ್ದು ಬರದಿರಲಿ ಎಂದು ಇಟ್ಟರು. ಸಮಾನ್ ಮಾಮ ಮಾತ್ರ, "ಅಷ್ಟೊಂದು ಹೇಳ್ತಿದ್ದ. ಕೊನೆಗೆ ನಮ್ ಜೊತೆಗೇ ಬಂದ" ಎಂದರು. ಅವರು ನಗಲಿಲ್ಲ.

ಅದೇ ಹೊತ್ತಿಗೆ ಕಲ್ಲಿದ್ದಲು ತುಂಬಿದ ಹಡಗೊಂದು ಆಚೆ ಕಡಲಿನಲ್ಲಿ ಹಾದುಹೋಯಿತು. ದಿನಾ ಹೋಗುತ್ತದೆ. ಬೆಟ್ಟವನ್ನೇ ಹೊತ್ತುಕೊಂಡು ಕರಾವಳಿಯ ವಿದ್ಯುತ್ ಸ್ಥಾವರಕ್ಕೆ ಹೋಗುತ್ತದೆ, ಅಲ್ಲಿ ಉರಿಯುತ್ತದೆ, ನಗರಗಳು ತಣ್ಣಗಿರುತ್ತವೆ. ಭೂಮಿ ಬಿಸಿಯಾಗಿ ಸಮುದ್ರ ಉಕ್ಕುತ್ತಿದೆ ಎಂದು ನಮಗೆ ಪಾಠ ಹೇಳಲು ಹೋದ ತಿಂಗಳು ಒಂದು ತಂಡ ಬಂದಿತ್ತು. ನಾವೇನು ಸುಟ್ಟಿದ್ದೇವೆ, ಅಕ್ಕ? ಎರಡು ಬಲ್ಬು, ಒಂದು ತುಕ್ಕು ಹಿಡಿದ ಬೈಕು. ಕಾರ್ಖಾನೆಗಳು ನೆಲದಡಿಯ ನೀರು ಹೀರಿ ಹೀರಿ ಊರು ಕೆಳಕ್ಕೆ ಕುಸಿಯುತ್ತಿದೆ ಎಂದು ಅವರೇ ಹೇಳಿದರು. ಸರಿ, ಆ ಕಾರ್ಖಾನೆಗಳನ್ನು ನಿಲ್ಲಿಸಿ ಎಂದೆ. ಅದು ತಮ್ಮ ಇಲಾಖೆಗೆ ಬರುವುದಿಲ್ಲವಂತೆ. ನಾವು ಹೊಂದಿಕೊಳ್ಳುವುದನ್ನು ಕಲಿಯಬೇಕಂತೆ. ಅಂಗಿಗೆ ಕೆಸರು ತಾಗದ ಹಾಗೆ ಅಲೆ ತಡೆಯುವ ಕಾಂಡ್ಲಾ ಗಿಡ ನೆಟ್ಟು, ಫೋಟೋ ತೆಗೆಸಿಕೊಂಡು, ನನ್ನ ಕೈಯಡುಗೆ ಉಂಡು ಹೋದರು. ಗಿಡ ಮುಂದಿನ ಉಬ್ಬರಕ್ಕೇ ಹೋಯಿತು. ಇನ್ನೆಷ್ಟು ಹೊಂದಿಕೊಳ್ಳಲಿ? ಬೆನ್ನು ಬಗ್ಗಿಸಿದ್ದೇವೆ, ಕಿಟಕಿಯಲ್ಲಿ ನುಸುಳುತ್ತೇವೆ, ಹೆತ್ತಪ್ಪನನ್ನು ನೀರಿನಲ್ಲಿ ಅದುಮಿ ಹಿಡಿದಿದ್ದೇವೆ.

ನಿನ್ನ ಮೇಲೂ ಕೋಪವಿದೆ, ಮುಚ್ಚಿಡುವುದಿಲ್ಲ. ರಸ್ತೆ ಮುಳುಗಿದೆ, ಬರಲಾಗಲಿಲ್ಲ ಎಂದೆ ನೀನು. ಮುಳುಗದ ದಿನ ಯಾವುದಿದೆ ಇಲ್ಲಿ? ಆದರೂ ನೀನು ನಮಗಾಗಿ ಆ ದಾರ್ಜೊನ ಮುಂದೆ ಕೈಮುಗಿದು ನಿಂತೆಯಲ್ಲ, ಅದಕ್ಕೇ ಸುಮ್ಮನಿದ್ದೇನೆ. ನಾನಾಗಿದ್ದರೆ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಅವನಿಗೆ ಹೇಳು, ಸಮುದ್ರಕ್ಕೆ ಗುರುತಿನ ಚೀಟಿ ಬೇಕಿಲ್ಲ, ಇವತ್ತು ನಮ್ಮ ಮನೆ, ನಾಳೆ ಅವನ ಸಮಾಧಿ ತೋಟ.

ನಾಳೆ ಏಳನೆಯ ದಿನದ ಪ್ರಾರ್ಥನೆ. ಇದು ನಿನ್ನ ಕೈ ಸೇರುವಾಗ ಮುಗಿದಿರುತ್ತದೆ. ಒಣಮೀನು ಕಳಿಸುತ್ತಿದ್ದೇನೆ, ಭಾವನಿಗೆ ಇಷ್ಟ. ದೇವರು ನಿನ್ನ ಮಕ್ಕಳ ಕಾಲು ಸದಾ ಗಟ್ಟಿ ನೆಲದ ಮೇಲೆಯೇ ಇಟ್ಟಿರಲಿ, ಅವರಿಗೆ ಈ ಚಿಕ್ಕಮ್ಮನ ಮುತ್ತು.

ನಿನ್ನ ತಂಗಿ,
ರುಮಿಯಾ

ಮತ್ತೆ ಬರೆದದ್ದು, ಜನವರಿ ೨೧:

ಕಾಗದ ಮಡಿಚಿಟ್ಟಿದ್ದೆ. ಯಾತ್ಮಿ ಹೊರಡುವ ಮೊದಲು ಬಿಚ್ಚಿ ಇಷ್ಟು ಸೇರಿಸುತ್ತಿದ್ದೇನೆ.

ನಿನ್ನೆಯ ಪ್ರಾರ್ಥನೆಗೆ ಪಾಕ್ ದಾರ್ಜೊ ಬಂದಿದ್ದರು, ಹೆಂಡತಿಯ ಜೊತೆ. ನೀನು ಬರಲಾಗದ ಅದೇ ರಸ್ತೆಯಲ್ಲಿ, ಪ್ಯಾಂಟು ಮೊಣಕಾಲಿಗೆ ಮಡಿಚಿಕೊಂಡು. ಅವರು ಕಿಟಕಿಯಿಂದ ತಲೆ ಬಗ್ಗಿಸಿ ಒಳಗೆ ಬಂದಾಗ ನಾನು ನೀರು ಕೂಡ ಕೊಡಲಿಲ್ಲ. ನಿಮ್ಮ ಊರಲ್ಲಿ ನಮ್ಮಪ್ಪನಿಗೆ ಜಾಗ ಸಾಲಲಿಲ್ಲವಲ್ಲ ಎಂದು ಎಲ್ಲರ ಮುಂದೆ ಕೇಳಿದೆ. ಅವರು ನನ್ನನ್ನೇ ನೋಡಿದರು.

"ನನ್ನನ್ನ ಯಾರು ಕೇಳಿದ್ರಮ್ಮ?" ಎಂದರು. "ಸಮಾಧಿ ತೋಟದಲ್ಲಿ ಬೇಕಾದಷ್ಟು ಜಾಗ ಇದೆ. ಚೀಟಿ ಗೀಟಿ ಏನೂ ಇಲ್ಲ. ಅಪ್ಪನಿಗೆ ಹುಷಾರಿಲ್ಲ ಅಂತ ಗೊತ್ತಾದಾಗ ನಾನಾಗೇ ಕಸ್ತುನಾನ ಕೇಳಿದೆ, ಇಲ್ಲಿಗೆ ತರ್ತೀರಾ ಅಂತ. ಅಪ್ಪ ಒಪ್ಪಲ್ಲ, ಅಮ್ಮನ ಪಕ್ಕನೇ ಇರ್ಬೇಕಂತೆ ಅಂದ್ಲು."

ಊಟ ಬಡಿಸುವಾಗ ಅವರ ಹೆಂಡತಿ ನನ್ನನ್ನು ಒಲೆಯ ಹತ್ತಿರ ಕರೆದು ಮಿಕ್ಕದ್ದನ್ನು ಹೇಳಿದರು. ನೀನು ಬಾವಿಯ ಹತ್ತಿರ ಅವರಿಗೆ ಹೇಳಿದ್ದೆಯಂತೆ, "ಮೊದಲು ಸಮಾಧಿ ಬರತ್ತೆ, ಅದರ ಹಿಂದೆ ಸಂಸಾರನೇ ಬರತ್ತೆ, ಇವರೆಲ್ಲ ನನ್ನ ಮನೇಲೇ ಬಂದು ಕೂರ್ತಾರೆ" ಎಂದು.

ಅಕ್ಕ, ನಮಗೆ ಅಂಥ ಯೋಚನೆಯೇ ಇರಲಿಲ್ಲ. ಅಪ್ಪನನ್ನು ಅಲ್ಲಿ ಮಲಗಿಸಿ, ವರ್ಷಕ್ಕೊಮ್ಮೆ ಹೂವು ಹಾಕಿ, ಸಂಜೆಗೆ ವಾಪಸಾಗುತ್ತಿದ್ದೆವು. ಕಡಲು ಮಾಡಿದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಅಪ್ಪ ನೀರಿನಿಂದ ಮೇಲಕ್ಕೆ ಬಂದದ್ದನ್ನು ನೋಡಿದವಳು ನಾನು, ಅದನ್ನು ಮಾಡಿಸಿದವಳು ನೀನು.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮಾರನೆಯ ಬೆಳಿಗ್ಗೆ ನಾವು ಹೊರಡುತ್ತೇವೆ. ನಾನು, ಜುಮಾದಿ, ಮಕ್ಕಳು, ಚಾಪೆ, ಪಾತ್ರೆ, ಒಲೆ. ಹಲಗೆ ದಾರಿಯ ಕೊನೆಯಲ್ಲಿ ಒಬ್ಬರೇ ಇರುವ ಸಮಾನ್ ಮಾಮನನ್ನೂ ಕರೆದುಕೊಂಡು ಬರುತ್ತೇವೆ. ಬೇರೆ ಯಾರ ಮನೆಗೂ ಅಲ್ಲ, ನಿನ್ನ ಮನೆಗೇ. ನಡುಮನೆ ಖಾಲಿ ಮಾಡಿಡು.