‘ಬರಲ್ಲ’ ಕಲಿಸಿದ ಆರು ದಿನ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 7.10

ಮಗಳು ಅಮೂಲ್ಯ ಚಹಾ ಮಾಡುತ್ತಿದ್ದಾಳೆ. ಅಡುಗೆಮನೆಗೆ ನನಗೆ ಪ್ರವೇಶ ನಿಷಿದ್ಧ. ಒಲೆಯ ಹಿಂದಿನ ಗೋಡೆಯಲ್ಲಿ ಹನ್ನೊಂದು ಚಿತ್ರಗಳ ಸಾಲು — ಪಾತ್ರೆ, ನೀರು, ಲೈಟರ್, ಚಹಾಪುಡಿ ಹಾಕು, ಕುದಿಯಲಿ... ಅಂಟಿಸಿದ್ದು ದ್ವಾರಕಾದ ವಿಶೇಷ ತರಬೇತಿ ಸೆಂಟರಿನ ಜೀವಿತಾ. ಕೊಡಗಿನವಳು. ಗಂಡ ಸೈನ್ಯದಲ್ಲಿ, ದಂಡನಾಯಕಿ ಇವಳು. ಅವಳ ಕಾನೂನು ಒಂದೇ: ಅಮೂಲ್ಯ ತಾನಾಗಿ ಸಹಾಯ ಕೇಳದೆ ಯಾರೂ ಕೈ ಹಾಕಕೂಡದು.

ಹಾಲು ಉಕ್ಕುವ ಸದ್ದಾಯಿತು. ಎದ್ದೆ. ‘ಅಪ್ಪಾ, ಬೈಠೋ’ ಎಂದಳು ಒಳಗಿನಿಂದ. ಕೂತೆ. ಕೇಂದ್ರ ಸರ್ಕಾರದ ಮೂವತ್ತಾರು ವರ್ಷದ ಸೇವೆಯಲ್ಲಿ ಯಾವ ಕಾರ್ಯದರ್ಶಿಯ ಮಾತನ್ನೂ ಇಷ್ಟು ಬೇಗ ಪಾಲಿಸಿದವನಲ್ಲ.

ಈ ಚಹಾಕ್ಕೆ ಎಂಟು ತಿಂಗಳು ಹಿಡಿಯಿತು. ಗಡಿಯಾರ ನೋಡಲು ಒಂದು ವರ್ಷ. ಜನಕಪುರಿಯ ಮನೆಯಿಂದ ದ್ವಾರಕಾಕ್ಕೆ ಒಬ್ಬಳೇ ಮೆಟ್ರೋದಲ್ಲಿ ಹೋಗಲು ಎರಡು. ವಯಸ್ಸು ಹತ್ತೊಂಬತ್ತು, ಡೌನ್ ಸಿಂಡ್ರೋಮ್. ಸಕ್ಕರೆ ಮಾತ್ರ ಇವತ್ತೂ ಜಾಸ್ತಿ. ಅದು ಸಿಂಡ್ರೋಮಿನ ದೋಷವಲ್ಲ, ಅವಳ ಅಜ್ಜಿಯದು.

ಫೆ. 5, ಬುಧ

ಆಫೀಸಿನಲ್ಲಿ ಮಹಂತೇಶ್ ಕುರ್ಚಿ ಎಳೆದುಕೊಂಡು ಕೂತ. ವಿಜಯಪುರದವನು, ಪಿಂಚಣಿ ವಿಷಯದಲ್ಲಿ ನಮ್ಮ ಸೆಕ್ಷನ್ನಿನ ಜಗದ್ಗುರು. ನನ್ನ ನಿವೃತ್ತಿಗೆ ಎಂಟು ತಿಂಗಳಿದೆ. ನಾನೂ ಹೆಂಡತಿ ಶ್ರೀಲಕ್ಷ್ಮಿಯೂ ಹೋದ ಮೇಲೆ ಅಮೂಲ್ಯಳಿಗೆ ಜೀವಮಾನವಿಡೀ ಕುಟುಂಬ ಪಿಂಚಣಿ ಬರುವಂತೆ ಈಗಲೇ ಹೆಸರು ಸೇರಿಸಬೇಕಂತೆ. ಷರತ್ತು: ದುಡಿದು ಬದುಕಲಾರಳು ಎಂದು ವೈದ್ಯರ ಮಂಡಳಿ ಬರೆದುಕೊಡಬೇಕು.

‘ಹುಡುಗಿಗೆ ಏನೂ ಬರೂದಿಲ್ಲ ಅಂತ ಬರಸ್ರಿ ಸರ. ಸ್ವಲ್ಪ ಬರ್ತದ ಅಂದ್ರೂ ಫೈಲ್ ಹೊಳ್ಳಿ ಬರ್ತದ.’

ಅವಳ ಹಳೆಯ ಅಂಗವೈಕಲ್ಯ ಸರ್ಟಿಫಿಕೇಟಿನ ಅವಧಿಯೂ ಮುಗಿದಿದೆ. ಐದು ವರ್ಷದಲ್ಲಿ ಸಿಂಡ್ರೋಮಿನ ಆ ಹೆಚ್ಚುವರಿ ಕ್ರೋಮೋಸೋಮಿಗೆ ವರ್ಗಾವಣೆ ಆಗಿರಬಹುದೆಂಬ ಆಶಾವಾದ ಸರ್ಕಾರದ್ದು. ಮಂಡಳಿಯ ಪರೀಕ್ಷೆ ಇದೇ ಹದಿನೆಂಟಕ್ಕೆ.

ಸಂಜೆ ಜೀವಿತಾಳ ಫೋನು. ದ್ವಾರಕಾದ ಒಂದು ಶಾಲೆಯ ಲೈಬ್ರರಿಯಲ್ಲಿ ಸಹಾಯಕಿಯ ಕೆಲಸ. ವಾಪಸು ಬಂದ ಪುಸ್ತಕಗಳನ್ನು ನಂಬರು ನೋಡಿ ಕಪಾಟಿಗೆ ಸೇರಿಸುವುದು. ಸಂಬಳ ಉಂಟು. ಇಪ್ಪತ್ತೊಂದಕ್ಕೆ ಟ್ರಯಲ್. ‘ಅಂಕಲ್, ಇವಳಿಗೆ ಇದು ನೀರು ಕುಡಿದಷ್ಟು ಸುಲಭ.’ ಶ್ರೀಲಕ್ಷ್ಮಿ ಪಾಯಸ ಮಾಡಿದಳು. ಎರಡು ಬಟ್ಟಲು ತಿಂದೆ. ತಿನ್ನುತ್ತಲೇ ಕ್ಯಾಲೆಂಡರಿನಲ್ಲಿ ಎರಡೂ ತಾರೀಖು ನೋಡಿದೆ.

ಫೆ. 9, ಭಾನುವಾರ

ಹದಿನೆಂಟರ ಮಂಗಳವಾರ ಮಂಡಳಿಯೆದುರು ಏನೂ ಬರಬಾರದು. ಇಪ್ಪತ್ತೊಂದರ ಶುಕ್ರವಾರ ಲೈಬ್ರರಿಯಲ್ಲಿ ಎಲ್ಲ ಬರಬೇಕು. ನಡುವೆ ಎರಡು ದಿನ ಬಿಡುವು. ಸರ್ಕಾರಿ ವೇಳಾಪಟ್ಟಿಗಳಲ್ಲಿ ಇಷ್ಟು ಉದಾರವಾದದ್ದನ್ನು ಕಂಡಿಲ್ಲ.

ಶ್ರೀಲಕ್ಷ್ಮಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ‘ನಾಲ್ಕು ವರ್ಷ ಅವಳ ಬಾಯಲ್ಲಿ ಬರುತ್ತೆ ಅನ್ನಿಸಿದ್ದು. ಈಗ ನೀವೇ ಬರಲ್ಲ ಅನ್ನಿಸ್ತೀರೇನ್ರೀ?’

‘ನಾವಿಬ್ಬರೂ ಹೋದಮೇಲೆ?’ ಎಂದೆ.

ನಮ್ಮ ಮನೆಯಲ್ಲಿ ಎಲ್ಲ ಜಗಳವೂ ಈ ಪ್ರಶ್ನೆಗೆ ಮುಗಿಯುತ್ತದೆ. ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು. ಬೇರನ್ನೂ ಪಾತ್ರೆಗೇ ಹಾಕುತ್ತಿದ್ದಳು.

ಸಂಜೆಯಿಂದ ‘ಡಾಕ್ಟರ್ ಗೇಮ್’ ಶುರು. ನಾನು ಡಾಕ್ಟರು. ಏನು ಕೇಳಿದರೂ ಅವಳು ‘ನಹೀ ಆತಾ’, ಅಂದರೆ ಬರಲ್ಲ, ಎನ್ನಬೇಕು.

‘ಕ್ಯೂಂ? ಆತಾ ಹೈ ನಾ.’

ಬರುವುದನ್ನೂ ಬರಲ್ಲ ಎನ್ನುವುದೇ ಗೇಮ್ ಎಂದೆ.

ಫೆ. 12, ಬುಧ

ಸಾಕುಸಾಕಾಯಿತು. ಗಂಟೆ ಎಷ್ಟು ಎಂದರೆ ‘ಸಾಡೇ ಚಾರ್’ ಎಂದು ಸರಿಯಾಗಿ ಹೇಳಿಬಿಡುತ್ತಾಳೆ, ಆಮೇಲೆ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಬರುವುದನ್ನು ಬರಲ್ಲ ಎನ್ನುವುದು ಐಎಎಸ್ ಮಟ್ಟದ ಕೌಶಲ. ಹತ್ತೊಂಬತ್ತರ ವಯಸ್ಸಿಗೇ ಬಾ ಎಂದರೆ ಹೇಗೆ.

ಜೀವಿತಾಳ ವಿಧಾನವನ್ನೇ ಹಿಡಿದಿದ್ದೇನೆ. ಸಣ್ಣ ಸಣ್ಣ ಹೆಜ್ಜೆ. ತಪ್ಪಿದರೆ ಗದರಬಾರದು. ಸರಿಯಾದ ತಕ್ಷಣ ಹೊಗಳಬೇಕು. ಮೊದಲು ಗಡಿಯಾರ ಬರಲ್ಲ. ಅದು ಗಟ್ಟಿಯಾದ ಮೇಲೆ ಎಣಿಕೆ ಬರಲ್ಲ.

ಫೆ. 15, ಶನಿ

ಇಪ್ಪತ್ತು ಪ್ರಶ್ನೆ, ಇಪ್ಪತ್ತು ‘ನಹೀ ಆತಾ’. ಚಹಾಕ್ಕೆ ಎಂಟು ತಿಂಗಳು, ಇದಕ್ಕೆ ಆರು ದಿನ. ಸೆಂಟರಿನವರು ನನ್ನಿಂದ ಕಲಿಯಬೇಕಾದ್ದು ಬಹಳ ಇದೆ.

ಫೆ. 18, ಮಂಗಳವಾರ

ಆಸ್ಪತ್ರೆ. ಕೋಣೆ ಹದಿನಾಲ್ಕು. ಮೂರು ಗಂಟೆ ಕಾದದ್ದು, ಹನ್ನೆರಡು ನಿಮಿಷದ ಪರೀಕ್ಷೆ.

ಡಾಕ್ಟರು ಚಿಕ್ಕ ಪ್ರಾಯದವರು. ಕೆಟ್ಟವರಾಗಿದ್ದರೆ ನನಗೆ ಅನುಕೂಲವಿತ್ತು. ಮರದ ತುಂಡು ಕೊಟ್ಟು ಜೋಡಿಸು ಎಂದರು. ನಹೀ ಆತಾ. ಬೆರಳು ತೋರಿಸಿ, ಇದು ಎಷ್ಟು? ನಹೀ ಆತಾ. ಕೊನೆಗೆ ಹೆಸರು ಕೇಳಿದರು. ಅದನ್ನು ನಾನು ಅಭ್ಯಾಸ ಮಾಡಿಸಿರಲಿಲ್ಲ. ಅಮೂಲ್ಯ ಒಮ್ಮೆ ನನ್ನ ಮುಖ ನೋಡಿದಳು.

‘ನಹೀ ಆತಾ.’

ಡಾಕ್ಟರು ಪೆನ್ನು ಕೆಳಗಿಟ್ಟು, ಕೋಯಿ ಬಾತ್ ನಹೀ ಬೇಟಾ, ಪರವಾಗಿಲ್ಲ ಎಂದು ತಲೆ ಸವರಿದರು. ನರ್ಸು ಚಾಕಲೇಟು ಕೊಟ್ಟಳು. ಬಾಗಿಲಲ್ಲಿದ್ದ ಜವಾನ ಭಯ್ಯಾ ಎದ್ದು ತನ್ನ ಸ್ಟೂಲು ಬಿಟ್ಟುಕೊಟ್ಟ. ‘ಬರುತ್ತೆ’ ಎಂದಾಗ ಅವಳಿಗೆ ಇಷ್ಟು ಮರ್ಯಾದೆ ಯಾರೂ ಮಾಡಿದ್ದಿಲ್ಲ. ಮೆಟ್ರೋದಲ್ಲಿ ಎರಡು ವರ್ಷ ಓಡಾಡಿದ್ದಕ್ಕೆ ಸಿಕ್ಕಿದ್ದು ದಿಟ್ಟಿಸುವ ಕಣ್ಣುಗಳು.

ಕಾರಿಡಾರಿನಲ್ಲಿ ‘ಅಚ್ಛಾ ಕಿಯಾ? ಚೆನ್ನಾಗ್ ಮಾಡಿದ್ನಾ?’ ಎಂದಳು. ಬೆನ್ನು ತಟ್ಟಿದೆ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಹೆಮ್ಮೆ. ಅದನ್ನೂ ಬರೆದಿಡುತ್ತೇನೆ.

ಫೆ. 21, ಶುಕ್ರ

ಟ್ರಯಲ್.

ತಂದೆತಾಯಿ ಗೇಟಿನ ಹೊರಗೇ ಇರಬೇಕೆಂದು ಜೀವಿತಾ ಸ್ಪಷ್ಟವಾಗಿ ಹೇಳಿದ್ದಳು. ನೀರಿನ ಬಾಟಲಿ ಕೊಡುವ ನೆಪ ಮಾಡಿ ಲೈಬ್ರರಿಯ ಅರೆತೆರೆದ ಗಾಜಿನ ಬಾಗಿಲ ತನಕ ಹೋದೆ. ಒಳಗೆ ಮೇಜಿನ ಮೇಲೆ ಹನ್ನೆರಡು ಪುಸ್ತಕ. ಅಮೂಲ್ಯ ಮೂರನ್ನು ಕಪಾಟಿಗೆ ಸೇರಿಸಿ ಆಗಿತ್ತು — ಸರಿಯಾಗಿ. ನಾಲ್ಕನೆಯದನ್ನು ಎತ್ತಿಕೊಂಡು ತಿರುಗಿದಳು. ಗಾಜಿನಾಚೆ ನಾನು.

ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. ಕೈ ಕಟ್ಟಿದಳು.

‘ನಹೀ ಆತಾ, ಮ್ಯಾಮ್.’

ಲೈಬ್ರರಿಯವರು ನಿಧಾನವಾಗಿ ಮತ್ತೆ ವಿವರಿಸಿದರು. ನಹೀ ಆತಾ. ಜೀವಿತಾ ಬಾಗಿಲಿಗೆ ಬೆನ್ನುಹಾಕಿ ಪಕ್ಕದಲ್ಲಿ ಮಂಡಿಯೂರಿ, ನಿನ್ನೆ ತಾನೇ ನಲವತ್ತು ಪುಸ್ತಕ ಇಟ್ಟೆಯಲ್ಲ ಎಂದಳು. ನಹೀ ಆತಾ. ಪ್ರತಿ ಸಲವೂ ನನ್ನ ಕಡೆ ನೋಡಿ ಸಣ್ಣ ನಗು.

ನಾನು ಗೇಟಿಗೆ ಮರಳಿದೆ. ಹೊರಗೆ ಬಂದು ಜೀವಿತಾ ಗೇಟಿನ ಕಂಬಕ್ಕೆ ಒರಗಿ ನಿಂತಳು. ‘ನಂದೇ ತಪ್ಪು ಅಂಕಲ್. ಅವಳು ಇನ್ನೂ ರೆಡಿ ಇರ್ಲಿಲ್ಲ. ನಾನು ಅರ್ಜೆಂಟ್ ಮಾಡ್ದೆ.’

ಛೆ, ಹಾಗೆಲ್ಲ ಅಂದುಕೊಳ್ಳಬೇಡಮ್ಮ ಎಂದು ಸಮಾಧಾನ ಹೇಳಿದೆ. ಸತ್ಯ ಹೇಳಲಿಲ್ಲ. ಸಮಾಧಾನ ಹೇಳಿದೆ.

ಮಾರ್ಚ್ 19, ಬುಧ

ಸರ್ಟಿಫಿಕೇಟು ಬಂತು. ದುಡಿಯಲಾರಳು ಎಂದು ಬರೆಯುವುದರಲ್ಲಿ ಮಂಡಳಿ ಏನನ್ನೂ ಕಡಿಮೆ ಮಾಡಿಲ್ಲ. ಮಹಂತೇಶ್ ಎರಡು ಸಲ ಓದಿ, ‘ಭಾಳ ಚೊಲೊ ಬಂದದ ಸರ’ ಎಂದು ಸ್ವೀಟ್ ಕೇಳಿದ. ತರಿಸಿದೆ. ಸೆಕ್ಷನ್ನೆಲ್ಲ ತಿಂದಿತು. ಏನು ವಿಶೇಷ ಎಂದವರಿಗೆ ಮಗಳದು ರಿಸಲ್ಟು ಎಂದೆ. ಕೈ ಕುಲುಕಿದರು.

ಏಪ್ರಿಲ್ 6, ಭಾನುವಾರ. ಮಧ್ಯಾಹ್ನ

ಹದಿನೆಂಟು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲವೆಂದಲ್ಲ.

ಬೆಳಿಗ್ಗೆ ಜೀವಿತಾ ಬಂದಿದ್ದಳು. ಲೈಬ್ರರಿಯವರು ಇನ್ನೊಂದು ಅವಕಾಶ ಕೊಡುತ್ತಾರಂತೆ, ಈ ಗುರುವಾರ. ಆ ಮೂರು ಪುಸ್ತಕ ಅವರ ತಲೆಯಿಂದ ಹೋಗಿಲ್ಲವಂತೆ. ಯೋಚಿಸಿ ಹೇಳುತ್ತೇನೆ ಎಂದೆ. ಇದರಲ್ಲಿ ಯೋಚಿಸೋದು ಏನಿದೆ ಅಂಕಲ್ ಎಂದಳು. ಶ್ರೀಲಕ್ಷ್ಮಿ ನನ್ನನ್ನೇ ನೋಡುತ್ತಿದ್ದಳು. ಫೈಲು ಮೊನ್ನೆ ತಾನೇ ಪಿಂಚಣಿ ಕಚೇರಿಗೆ ಹೋಗಿದೆ. ದುಡಿಯಲಾರದವಳು ಎಂದು ಕೆಳಗೆ ಸಹಿ ಹಾಕಿದವನು ನಾನು.

ಜೀವಿತಾ ಹೋದ ಮೇಲೆ ಅಮೂಲ್ಯ ಬಂದು ಪಕ್ಕದಲ್ಲಿ ಕೂತಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ.

‘ಅಪ್ಪಾ, ಗೇಮ್ ಖತಮ್ ಹುವಾ? ಮುಗೀತಾ?’

ನನಗೆ ಅರ್ಥವಾಗಲಿಲ್ಲ. ಯಾವ ಗೇಮ್ ಪುಟ್ಟಿ ಎಂದೆ.

‘ಡಾಕ್ಟರ್ ಗೇಮ್. ಲೈಬ್ರರಿ ಮೇಂ ಆಪ್ ಆಯೇ ಥೇ ನಾ, ಗೇಮ್ ಆಡೋಕೆ ಬಂದಿದ್ರಲ್ಲ. ನೀವು ಖತಮ್ ಅಂತ ಹೇಳ್ಲೇ ಇಲ್ಲ.’

ಆರು ವಾರ. ಆರು ವಾರದಿಂದ ಇವಳು ನನ್ನ ಒಂದು ಮಾತಿಗೆ ಕಾಯುತ್ತ, ನನ್ನೆದುರು ಬೇಕೆಂದೇ ಸೋಲುತ್ತಿದ್ದಾಳೆ. ಮರೆತಿದ್ದಾಳೆ, ಗೊಂದಲವಾಗಿದೆ, ಇವಳ ಮಿತಿಯೇ ಇಷ್ಟು ಎಂದುಕೊಂಡಿದ್ದೆ — ನಾನೂ ಮಂಡಳಿಯವರಂತೆಯೇ...

‘ಇನ್ನೂ ಸ್ವಲ್ಪ ದಿನ, ಪುಟ್ಟಿ’ ಎಂದೆ. ಬಾಯಿ ತಾನಾಗಿ ಅಂದಿತು.

‘ಓಕೆ. ಕಿತ್ನೇ ದಿನ್?’

ಎದ್ದು ಹೋಗಿ ಕ್ಯಾಲೆಂಡರು ತಂದಿದ್ದಾಳೆ. ಕೆಂಪು ಪೆನ್ನು. ತಾರೀಖಿಗೆ ಗುರುತು ಹಾಕುವುದು ಸೆಂಟರಿನಲ್ಲಿ ಕಲಿತದ್ದು. ಏಪ್ರಿಲ್ ತೋರಿಸಿದಳು. ನಾನು ಈ ಡೈರಿ ತೆರೆದೆ. ಮೇ ಮಗುಚಿದಳು. ಜೂನ್. ಪ್ರತಿ ಹಾಳೆಗೂ ನನ್ನ ಮುಖ ನೋಡುತ್ತಾಳೆ. ಡಿಸೆಂಬರಿಗೆ ಬಂದಿದ್ದಾಳೆ. ನಾನು ಈ ಪುಸ್ತಕದಲ್ಲಿ ತಲೆ ಹುದುಗಿಸಿ ಬರೆಯುತ್ತ ಕೇಳಿಸದಂತೆ ನಟಿಸುತ್ತಿದ್ದೇನೆ, ಅವಳು ಇಲ್ಲೇ ನಿಂತಿದ್ದಾಳೆ, ಬಾಗಿಲಲ್ಲಿ ಶ್ರೀಲಕ್ಷ್ಮಿ. ‘ಅಪ್ಪಾ, ಬತಾವೋ ನಾ, ಹೇಳಿ’ ಎಂದಳು. ನಾನು...