ನಾಲ್ಕಡಿ ಕೆಳಗಿನ ಮಣ್ಣು

ಮಾನ್ಯ ಸಾಹೇಬರಿಗೆ, ಮಣ್ಣು ಪರೀಕ್ಷಕನ ನಮಸ್ಕಾರಗಳು.

ಹಳೆಯ ಬ್ಯಾಟರಿ ಕಾರ್ಖಾನೆ ಇದ್ದ ಜಾಗದಲ್ಲಿ ಮನೆ ಕಟ್ಟಬಹುದೇ ಎಂಬ ನನ್ನ ವರದಿ ಮೂರನೆಯ ಸಲವೂ ವಾಪಸು ಬಂದಿದೆ. ‘ನಮೂನೆಯಲ್ಲಿ ಒಂದಡಿ ಎಂದಿರುವಾಗ ನಾಲ್ಕಡಿ ಏಕೆ ಅಗೆದಿರಿ?’ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದೀರಿ.

ಒಂದಡಿಯಲ್ಲಿ ಸಿಕ್ಕಿದ್ದು ಕಳೆದ ತಿಂಗಳು ಲಾರಿಯಲ್ಲಿ ತಂದು ಸುರಿದ ಕೆಂಪು ಮಣ್ಣು. ಅದರಲ್ಲಿ ದೋಷವಿಲ್ಲ, ಏಕೆಂದರೆ ಅದು ಆ ಜಾಗದ್ದೇ ಅಲ್ಲ. ನಮಗೆ ಗುಂಡಿ ತೋಡಿಕೊಡುವ ಅಜ್ಜ ಅದೇ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರು. “ರೋಗಿ ಕೆಳಗೆ ಮಲಗಿದಾನೆ ಕಣಪ್ಪ, ನೀನು ಕಂಬಳಿಗೆ ನಾಡಿ ನೋಡ್ತಿದೀಯ,” ಎಂದು ನಕ್ಕರು. ನಾಲ್ಕಡಿ ಇಳಿದಾಗ ಕಪ್ಪು ಮಣ್ಣು ಬಂತು. ಅದರಲ್ಲಿ ಸೀಸ ಮಿತಿಗಿಂತ ಒಂಬತ್ತು ಪಟ್ಟು ಇದೆ.

ಮೇಲೆ ಕೆಂಪು, ಕೆಳಗೆ ಕಪ್ಪು, ಅಗೆದವನದೇ ತಪ್ಪು! ಪ್ರಾಸ ಹೊಸೆಯುವ ಚಾಳಿಯನ್ನು ಮನ್ನಿಸಿ, ಸಿಟ್ಟು ಬಂದಾಗ ಹೆಚ್ಚುತ್ತದೆ.

ನೀವು ಹೇಳಿದಂತೆ ಒಂದಡಿಯ ವರದಿ ಬರೆಯಬಹುದಿತ್ತು. ಆದರೆ ನಕ್ಷೆಯಲ್ಲಿ ಆ ಗುಂಡಿಯ ಜಾಗ ಮಕ್ಕಳ ಆಟದ ಮೈದಾನ. ಜೋಕಾಲಿಯ ಕಂಬ ಎಷ್ಟು ಆಳ ಹೂಳುತ್ತೀರಿ ಎಂದು ಮೇಸ್ತ್ರಿಯನ್ನು ಕೇಳಿದೆ. “ನಾಲ್ಕಡಿ ಸಾರ್. ಕಮ್ಮಿ ಆದ್ರೆ ಮಕ್ಕಳಿಗೆ ಅಪಾಯ ಅಲ್ವಾ?” ಎಂದರು. ತೆಗೆದ ಮಣ್ಣನ್ನು ಅಲ್ಲೇ ಹರಡುತ್ತಾರಂತೆ.

ಆದ್ದರಿಂದ ನಾಲ್ಕಡಿಯ ವರದಿಯನ್ನೇ ನಾಲ್ಕನೆಯ ಸಲ ಕಳಿಸುತ್ತಿದ್ದೇನೆ. ಬೇಡವೆಂದಾದರೆ ಈ ಸಲ ಅಂಚಿನಲ್ಲಿ ಪೆನ್ಸಿಲಿನಿಂದ ಬೇಡ. ಕೆಳಗೆ ಪೆನ್ನಿನಿಂದ ಬರೆದು ಸಹಿ ಮಾಡಿ.

ಇಂತಿ,
ಮೂರು ಸಲ ‘ವಿಧೇಯ’ ಎಂದು ಸಹಿ ಮಾಡಿದ್ದ,
ನಿಮ್ಮ ಮಣ್ಣು ಪರೀಕ್ಷಕ